ಎಂಬತ್ತು ಅಕ್ಷರದ ಆಚೆಯವರು

ಮಾಸ್ತರರು ಹೋದ ಸುದ್ದಿ ನನಗೆ ಗೊತ್ತಾದದ್ದು ಅವರು ಹೋಗಿ ತಿಂಗಳಾದ ಮೇಲೆ. ಪಾಲಬಾವಿಯ ರೈತರೊಬ್ಬರು ನಮ್ಮ ಕಾರ್ಖಾನೆಯ ಕಿಟಕಿಗೆ ಕಾಗದ ಕೊಡಲು ಬಂದಿದ್ದರು. ಕೊಟ್ಟು ಹೊರಟವರು ತಿರುಗಿ ನಿಂತು, "ನಿಮ್ಮಲ್ಲಿ ಮೊದಲ ಕಂಪ್ಯೂಟರ್ ಖೋಲಿಯೊಳಗ ಒಬ್ಬರು ಮಾಸ್ತರ ಇದ್ರಲ್ರಿ, ನಮ್ಮೂರವರು. ತೀರಿಕೊಂಡ್ರು ನೋಡ್ರಿ. ಎದಿ ಹಿಡ್ಕೊಂಡು ಕುಂತವರು ಏಳಲೇ ಇಲ್ಲ" ಎಂದರು. ನಾನು "ಹೌದೇನ್ರಿ" ಎಂದೆ. ಅವರ ಕಾಗದಕ್ಕೆ ಶಿಕ್ಕಾ ಹೊಡೆದೆ. ಅವರ ಹಿಂದಿದ್ದವರ ಕಾಗದಕ್ಕೂ ಹೊಡೆದೆ. ಅಂದು ಡಬ್ಬಿಯನ್ನು ಬಿಚ್ಚದೆಯೇ ಮನೆಗೆ ಒಯ್ದೆ.

ಸತ್ತವರ ಬಗ್ಗೆ ಬರೆಯಲು ಕುಳಿತವರು ಅವರನ್ನು ದೇವರ ಜಗಲಿಯ ಮೇಲೆ ಕೂಡಿಸಿಬಿಡುತ್ತಾರೆ. ಮಾಸ್ತರರನ್ನು ಹಾಗೆ ಕೂಡಿಸಿದರೆ ಅವರೇ ಎದ್ದು ಬಂದು ಬೈದಾರು. ಅವರು ಹಠಮಾರಿ. ಮೂಗಿನ ತುದಿಯಲ್ಲೇ ಕೋಪ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಅವರ ಕೈಕೆಳಗೆ ಮೂರು ಹಂಗಾಮು ಕೆಲಸ ಮಾಡಿದ ನಾನೂ ಸಾಚಾ ಅಲ್ಲ. ಆ ಮಾತನ್ನು ಹೇಳದೆ ಅವರ ಬಗ್ಗೆ ಏನು ಹೇಳಿದರೂ ಅರ್ಧವಾದೀತು.

ಅವರು ರಾಯಬಾಗದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವರು. ಎಂಬತ್ತರ ದಶಕದ ಕೊನೆಗೆ ನಿಪ್ಪಾಣಿಯಲ್ಲಿ ಯಾರೋ ಕಂಪ್ಯೂಟರ್ ಕ್ಲಾಸು ತೆರೆದಾಗ, ತಲೆ ನರೆಯುವ ವಯಸ್ಸಿನಲ್ಲಿ, ಪ್ರತಿ ರವಿವಾರ ಬಸ್ಸು ಹತ್ತಿ ಹೋಗಿ ಹುಡುಗರ ಪಕ್ಕ ಕುಳಿತು ಸಿ ಭಾಷೆ ಕಲಿತರು. ಅದಾದ ಮೇಲೆ ನಮ್ಮ ಸಕ್ಕರೆ ಕಾರ್ಖಾನೆ ಒಂದು ಕಂಪ್ಯೂಟರು ತಂದು, ಅದಕ್ಕೆ ಮನುಷ್ಯರನ್ನು ಹುಡುಕತೊಡಗಿತು. ಕಾರ್ಖಾನೆಯ ಹೆಸರು ಬೇಡ. ಅಥಣಿ, ಕಾಗವಾಡ ಸೀಮೆಯಲ್ಲಿ ಕಬ್ಬಿಗೆ ಬರವೇ, ಕಾರ್ಖಾನೆಗೆ ಬರವೇ? ಮಾಸ್ತರರು ಪ್ರೋಗ್ರಾಮು ಬರೆಯುವವರಾಗಿ ಸೇರಿದರು. ಟೈಪಿಂಗ್ ಪರೀಕ್ಷೆ ಪಾಸಾಗಿ ಮನೆಯಲ್ಲಿ ಕುಳಿತಿದ್ದ ನಾನು, ಅವರು ಹೇಳಿದ್ದನ್ನು ಹೊಡೆಯುವವಳಾಗಿ ಸೇರಿದೆ. ಇಬ್ಬರದೂ ಕಾಯಂ ನೌಕರಿಯಲ್ಲ.

ಕಂಪ್ಯೂಟರ್ ಖೋಲಿಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ಇಡೀ ಕಾರ್ಖಾನೆಯಲ್ಲಿ ತಂಪು ಗಾಳಿಯ ಯಂತ್ರ ಇದ್ದದ್ದು ಅಲ್ಲೊಂದೇ ಕಡೆ. ಹೀಗಾಗಿ ಬೇಸಿಗೆ ಬಂದರೆ ದೊಡ್ಡ ಸಾಹೇಬರಿಗೆಲ್ಲ ನಮ್ಮ ಕೆಲಸದ ಮೇಲೆ ಭಾರಿ ಪ್ರೀತಿ ಬರುತ್ತಿತ್ತು. ವಯಸ್ಸಾದ ರೈತರು ಬಾಗಿಲಲ್ಲೇ ನಿಂತು ಯಂತ್ರಕ್ಕೆ ಕೈಮುಗಿಯುತ್ತಿದ್ದರು. ಖಂಡೆಪೂಜೆಯ ದಿನ ಯಾರೋ ಊದಿನಕಡ್ಡಿ ಹಚ್ಚಿ ತಂದಾಗ ಮಾಸ್ತರರು, "ಅಂವಗ ಹೂವು ಹಾಕ್ರಿ, ಕುಂಕುಮ ಹಚ್ಚರಿ, ಹೊಗಿ ಮಾತ್ರ ಬ್ಯಾಡ. ಒಳಗ ಹೊಗಿ ಹೋದ್ರ ನಿಮ್ಮ ಪಾಳಿನೂ ಹೋಗತೈತಿ" ಎಂದು ಹೆದರಿಸಿ ಕಳಿಸಿದ್ದರು.

ಪಾಳಿ ಎಂದರೆ ಕಬ್ಬು ಕಡಿಯುವ ಸರದಿ. ಕಬ್ಬು ಬೆಳೆದವರು ತಮಗೆ ಬೇಕೆಂದಾಗ ಕಡಿಯುವಂತಿಲ್ಲ. ಕಾರ್ಖಾನೆಯಿಂದ ಚೀಟಿ ಬರಬೇಕು, ಚೀಟಿ ಬಂದ ಮೇಲೆ ಕಡಿಯುವವರ ಟೋಳಿ ಬರಬೇಕು. ಚೀಟಿ ತಡವಾದರೆ ಕಬ್ಬು ತುರಾಯಿ ಬಿಟ್ಟು ಒಳಗೆ ಬೆಂಡಾಗುತ್ತದೆ. ಮೊದಲೆಲ್ಲ ಈ ಚೀಟಿಗಳನ್ನು ಕೈಯಲ್ಲಿ ಬರೆಯುತ್ತಿದ್ದರು. ಬರೆಯುವ ಕೈಗೆ ಅಳಿಯಂದಿರು, ಬೀಗರು, ಊರ ಗೌಡರು ಎಲ್ಲ ಇರುತ್ತಾರಲ್ಲ, ಮೊದಲು ನಾಟಿ ಮಾಡಿದವರ ಕಬ್ಬು ಕೊನೆಗೆ ಹೋಗುತ್ತಿತ್ತು. "ಮಶೀನಿಗೆ ಬೀಗರು ಇರಾಂಗಿಲ್ರಿ" ಎಂಬುದು ಮಾಸ್ತರರ ಮಂತ್ರ. ನಾಟಿಯ ತಾರೀಖು ನೋಡಿ ಯಂತ್ರವೇ ಪಾಳಿ ಹಚ್ಚಬೇಕು, ಪಟ್ಟಿಯಲ್ಲಿ ಹೆಸರಿಲ್ಲದೆ ಒಂದೂ ಕೈಚೀಟಿ ಕೊಡಬಾರದು ಎಂದು ಅವರು ಆಡಳಿತ ಮಂಡಳಿಯವರ ಮುಂದೆ ನಿಂತು ವಾದ ಮಾಡಿದರು. ಅದು ಠರಾವೂ ಆಯಿತು. ಕೈಚೀಟಿ ಉಳಿದದ್ದು ಸುಟ್ಟ ಕಬ್ಬಿಗೆ ಮಾತ್ರ. ಕಬ್ಬಿಗೆ ಬೆಂಕಿ ಬಿದ್ದರೆ ಒಂದೆರಡು ದಿನದಲ್ಲಿ ರಸ ಹುಳಿಯಾಗುತ್ತದೆ, ಅದಕ್ಕೆ ಪಾಳಿ ಕೇಳಿದರೆ ನಡೆಯುವುದಿಲ್ಲ.

ನನಗೆ ಅವರು ಸಿ ಕಲಿಸಿದ್ದು ಕ್ಯಾಂಟೀನಿನಲ್ಲಿ. ರೈತರ ಹೆಸರುಗಳನ್ನೆಲ್ಲ ನಾನು ಇಂಗ್ಲಿಷ್ ಅಕ್ಷರದಲ್ಲಿ ಒಂದು ಫೈಲಿಗೆ ಹೊಡೆದಿದ್ದೆ. ಒಬ್ಬರಿಗೆ ಒಂದು ಸಾಲು: ಮೊದಲು ನಂಬರು, ಆಮೇಲೆ ಹೆಸರು, ಊರು, ಸರ್ವೆ ನಂಬರು, ಕಟ್ಟಕಡೆಗೆ ನಾಟಿಯ ತಾರೀಖು. ಆ ಕಾಲದ ಯಂತ್ರಕ್ಕೆ ಅಷ್ಟು ದೊಡ್ಡ ಫೈಲನ್ನು ಒಮ್ಮೆಲೇ ಹೊಟ್ಟೆಗೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಅದಕ್ಕೆ ಸಾಲು ಸಾಲಾಗಿ ಓದಬೇಕು.

"ಬಾಯಿ, ನೋಡ್ರಿಲ್ಲಿ" ಎಂದು ಅವರು ಚಹದ ಕಪ್ಪು ಎತ್ತಿದರು. ನನ್ನನ್ನು ಅವರು ಕರೆಯುತ್ತಿದ್ದದ್ದು, ಮರಾಠಿಯವರ ಹಾಗೆ, ಬಾಯಿ ಎಂದೇ. "ಈ ಕಪ್ಪು ಅಂದ್ರ ಫೈಲು. ಈ ಬಶಿ ಅಂದ್ರ ನಾವು ಇಟ್ಕೊಂಡಿರೋ ಜಾಗಾ. ಒಂದ ಸಾಲು ಬಶಿಗೆ ಸುರೀಬೇಕು, ಕುಡೀಬೇಕು, ಬಶಿ ಖಾಲಿ ಮಾಡಿ ಮತ್ತೊಂದ ಸಾಲು ಸುರೀಬೇಕು. ಕಪ್ಪಿನಾಗ ಏನೂ ಉಳೀಲಿಲ್ಲಂದ್ರ ಎದ್ದು ಹೋಗಬೇಕು. ಫೈಲ್ ಓದೂದಂದ್ರ ಇಷ್ಟ."

"ಬಶಿ ಸಣ್ಣದಾದ್ರ್ರಿ?" ಎಂದೆ ನಾನು. ಚೇಷ್ಟೆಗೆ ಕೇಳಿದ್ದು.

"ಎಂಬತ್ತು ಅಕ್ಷರದ ಬಶಿ ಇಟ್ಟೀನ್ರಿ. ಕಂಪ್ಯೂಟರಿನ ಪಡದೇನೂ ಅಷ್ಟ ಅಗಲ ಐತಿ. ಮನಷ್ಯಾನ ಹೆಸರು ಪಡದೆಕ್ಕಿಂತ ಉದ್ದ ಇರತೈತೇನು?" ಎಂದು ನಕ್ಕರು. ನಾನೂ ನಕ್ಕೆ. ಚಹ ಚೆಲ್ಲಿ ಅವರ ಅಂಗಿಗೆ ಕಲೆಯಾಗಿತ್ತು, ಅದಕ್ಕೂ ನಕ್ಕೆವು.

ಒಂದು ಸಲ ನಾನು ಫೈಲಿನ ನಡುವೆ ಬರಿದಾದ ಸಾಲೊಂದನ್ನು ಬಿಟ್ಟಿದ್ದೆ. ಪ್ರೋಗ್ರಾಮು ಅಲ್ಲಿಗೆ ಬಂದು ಕಕ್ಕಾಬಿಕ್ಕಿಯಾಗಿ ನಿಂತುಬಿಟ್ಟಿತು. ಮಾಸ್ತರರು ನನ್ನನ್ನು ಹಿಗ್ಗಾಮುಗ್ಗಾ ಬೈದರು. ಆಮೇಲೆ ಕುಳಿತು, ನಂಬರೋ ತಾರೀಖೋ ಇಲ್ಲದ ಸಾಲು ಬಂದರೆ ಅದನ್ನು ಬಿಟ್ಟು ಮುಂದೆ ನಡೆ ಎಂದು ಪ್ರೋಗ್ರಾಮಿಗೆ ಹೇಳಿಕೊಟ್ಟರು. ಅಂದಿನಿಂದ ಅದು ಎಲ್ಲೂ ನಿಲ್ಲಲಿಲ್ಲ. "ಈಗ ನೋಡ್ರಿ, ಎತ್ತಿನ್ಹಂಗ ನಡೀತೈತಿ" ಎಂದು ಎರಡು ದಿನ ಅದೇ ಮಾತು ಆಡಿದರು.

ಅವರ ಇನ್ನೊಂದು ಹಠ ಎಂದರೆ ಹೆಸರು. ಉತಾರದಲ್ಲಿ, ಅಂದರೆ ಜಮೀನಿನ ಸರ್ಕಾರಿ ಕಾಗದದಲ್ಲಿ, ಹೇಗಿದೆಯೋ ಹಾಗೆಯೇ ಹೊಡೆಯಬೇಕು, ಒಂದಕ್ಷರ ಬಿಡಬಾರದು. ಹಳೆಯ ಕೈಬರಹದ ವಹಿಯಲ್ಲಿ ಗಂಡನಿಲ್ಲದ ಹೆಂಗಸರ ಹೆಸರು ಬರೀ 'ಗೌರವ್ವ', ಬರೀ 'ತಂಗೆವ್ವ' ಎಂದಿರುತ್ತಿತ್ತು. ಆದರೆ ನಮ್ಮ ಕಡೆ ಸಣ್ಣ ಮಕ್ಕಳನ್ನು ಬಿಟ್ಟು ತಂದೆ ತೀರಿದರೆ ಉತಾರದಲ್ಲಿ ಮಕ್ಕಳ ಹೆಸರೆಲ್ಲ ಏರುತ್ತವೆ. ತೀರಿದ ತಂದೆಯನ್ನು 'ಮಯತ' ಎಂದು, ವಯಸ್ಸಿಗೆ ಬರದ ಮಕ್ಕಳನ್ನು 'ಅಜ್ಞಾನ' ಎಂದು ಬರೆಯುತ್ತಾರೆ, ತಾಯಿಯನ್ನು 'ಪಾಲನಕರ್ತಿ' ಎಂದು. ಗೌರವ್ವ ಎಂಬಾಕೆ ಶಿರಗುಪ್ಪಿ ಹಾದಿಯ ತೋಟದ ವಸ್ತಿಯವಳು, ನಮ್ಮೂರಿಗೆ ಹೋಗುವ ದಾರಿಯಲ್ಲೇ ಅವಳ ಹೊಲ. ಅವಳು ಉತಾರ ತಂದು ತೋರಿಸಿದಾಗ ಮಾಸ್ತರರು ಗೆರೆಯ ಕೆಳಗೆ ಬೆರಳು ಇಟ್ಟುಕೊಂಡು ದೊಡ್ಡ ದನಿಯಲ್ಲಿ ಓದಿದರು: ಸಿದ್ದಪ್ಪ, ಬಸವರಾಜ, ಕಸ್ತೂರಿ, ತಂದೆ ಮಯತ ರಾಯಪ್ಪ, ಅಜ್ಞಾನ, ಪಾಲನಕರ್ತಿ ತಾಯಿ ಗೌರವ್ವ. ಕಾರ್ಖಾನೆಯಲ್ಲಿ ಯಾರಾದರೂ ತನ್ನ ಮಕ್ಕಳ ಹೆಸರನ್ನು ಹಾಗೆ ಓದಿದ್ದು ಅವಳು ಮೊದಲ ಸಲ ಕೇಳಿದ್ದಿರಬೇಕು. ಸೆರಗು ಸರಿಮಾಡಿಕೊಂಡು ನಿಂತಳು.

"ಇಷ್ಟುದ್ದ ಯಾಕ್ರಿ ಮಾಸ್ತರ? ಕೈ ಬೀಳತಾವು" ಎಂದೆ ನಾನು, ಅವಳು ಹೋದ ಮೇಲೆ.

"ನಮ್ಮಪ್ಪ ಸತ್ತಾಗ ನಾ ನಾಕ ವರ್ಷದಾಂವ ಇದ್ನಿ. ಕಾಗದದಾಗ ನನ್ನ ಹೆಸರು ಏರಿಸಲಿಲ್ಲ, ನಮ್ಮವ್ವನ ಹೆಸರು ಏರಿಸಲಿಲ್ಲ. ಕಾಕಾ ಎಲ್ಲಾ ನುಂಗಿ ಕುಂತ. ನಮ್ಮವ್ವ ಮಂದಿ ಹೊಲದಾಗ ಕಸಾ ತಗದು ನನ್ನ ಸಾಲಿ ಕಲಿಸಿದಳು. ಹೊಡೀರಿ, ಕೈ ಬೀಳಲಿ" ಎಂದರು. ನಾನು ಹೊಡೆದೆ. ಹೊಡೆಯುವಾಗ ಗೌರವ್ವನ ಸಾಲು ಪರದೆಯಲ್ಲಿ ಹಿಡಿಯದೆ ಪಕ್ಕಕ್ಕೆ ಸರಿದುಹೋದದ್ದನ್ನು ನೋಡಿದೆ. ನೋಡಿ ಸುಮ್ಮನಾದೆ. ಇದು ನನ್ನ ಮೊದಲ ತಪ್ಪು.

ಎರಡು ಹಂಗಾಮು ಯಂತ್ರದಿಂದ ಬರೀ ತೂಕದ ಕಾಗದಗಳು ಬಂದವು. ಮೂರನೆಯದಕ್ಕೆ ಪಾಳಿಯ ಪಟ್ಟಿಯೂ ಯಂತ್ರದಿಂದಲೇ ಬಂತು. ಊರೆಲ್ಲ ಮಾಸ್ತರರನ್ನು ಹೊಗಳಿತು. ಆಡಳಿತ ಮಂಡಳಿಯವರೊಬ್ಬರ ತಮ್ಮನ ಕಬ್ಬು ಪಾಳಿ ಬರುವವರೆಗೆ ಕಾದು ನಿಂತಿತೆಂದರೆ ಹುಡುಗಾಟವೇ? ಪ್ರತಿ ಹದಿನೈದು ದಿನಕ್ಕೊಮ್ಮೆ ಪ್ರಿಂಟರು ಕರಕರ ಎನ್ನುತ್ತ ಪಟ್ಟಿ ಉಗುಳುತ್ತಿತ್ತು, ನಾವು ಹೊರಗಿನ ಫಲಕಕ್ಕೆ ಅದನ್ನು ಅಂಟಿಸುತ್ತಿದ್ದೆವು.

ಆ ಚಳಿಗಾಲದಲ್ಲಿ ಗೌರವ್ವ ಕಿಟಕಿಗೆ ಬಂದಳು.

"ಯವ್ವಾ, ನನ್ನ ಪಾಳಿ ಯಾವಾಗ ಬರತೈತಿ?"

"ಇನ್ನಾ ಬಂದಿಲ್ಲಬೇ. ಮುಂದಿನ ಪಟ್ಟಿಯೊಳಗ ನೋಡೂಣು."

ಮುಂದಿನ ಪಟ್ಟಿಗೂ ಬಂದಳು. ಅದರ ಮುಂದಿನದಕ್ಕೂ ಬಂದಳು. ನಾಲ್ಕು ಮೈಲು ನಡೆದು ಬರುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ, ನಾನೇ ಫಲಕ ನೋಡಿ ಇಲ್ಲ ಎನ್ನುತ್ತಿದ್ದೆ. ಒಳಗೆ ಹೋಗಿ ಮಾಸ್ತರರಿಗೆ ಒಂದು ಮಾತು ಹೇಳಬಹುದಿತ್ತು. ಆದರೆ ಪಟ್ಟಿ ತಪ್ಪಿದೆ ಎಂದು ಯಾರಾದರೂ ಅಂದರೆ ಅವರು ಮೈಮೇಲೆ ಬಂದವರಂತೆ ಆಡುತ್ತಿದ್ದರು. ಸುಳ್ಳು ಹೇಳಿ ಪಾಳಿ ಹೊಡೆಯಲು ಬಂದವರನ್ನು ಓಡಿಸಿ ಓಡಿಸಿ ಅವರಿಗೆ ಅದು ರೂಢಿಯಾಗಿತ್ತು. ಬೈಸಿಕೊಳ್ಳುವುದು ಯಾಕೆ ಎಂದು ನಾನು ಬಾಯಿ ಮುಚ್ಚಿಕೊಂಡಿದ್ದೆ. ಹೊರಗೆ ನಿಂತ ಹೆಂಗಸಿಗೆ ನಾಳೆ ಬಾ ಎನ್ನುವುದು ಎಷ್ಟು ಸುಲಭ!

ಹಂಗಾಮು ಮುಗಿಯಲು ನಾಲ್ಕೈದು ದಿನವಿತ್ತು. ಬಿಸಿಲು ಸುಡುತ್ತಿತ್ತು, ಕಡಿಯುವ ಟೋಳಿಗಳು ಗಂಟು ಕಟ್ಟಿಕೊಂಡು ಒಂದೊಂದಾಗಿ ತಮ್ಮ ಊರ ದಾರಿ ಹಿಡಿದಿದ್ದವು. ಅಂದು ಗೌರವ್ವ ಕಿಟಕಿ ಬಿಟ್ಟು ಹೋಗಲಿಲ್ಲ. ಬಟ್ಟೆಯಲ್ಲಿ ಸುತ್ತಿದ್ದ ಉತಾರ ಬಿಚ್ಚಿ ಸರಳಿನೊಳಗೆ ತೂರಿದಳು.

"ನನ್ನ ಬಾಜೂಕಿನವರ ತಾರೀಖ ನನ್ನಕಿಂತ ತಿಂಗಳ ತಡಾ ಐತಿ. ಅವರ ಕಬ್ಬ ಹೋಗಿ ಎರಡ ತಿಂಗಳಾತು. ಸುತ್ತ ಎಲ್ಲಾ ಬಯಲಾಗೈತಿ, ನನ್ನದೊಂದ ನಿಂತೈತಿ. ನಾ ಏನ್ ಪಾಪಾ ಮಾಡೀನಿ, ಯಾರರೆ ಹೇಳ್ರಿ!"

ಮಾಸ್ತರರು ಬರಿಗಾಲಲ್ಲಿ ಹೊರಗೆ ಬಂದರು. ಅವಳನ್ನು ನೋಡಿದ ಕೂಡಲೇ ಗುರುತು ಹಿಡಿದರು. "ನಿಮ್ಮದು ಇನ್ನಾ ಹೋಗಿಲ್ಲೇನವ್ವಾ?" ಎಂದರು. ಅವಳನ್ನು ಒಳಗೆ ಕರೆದು, ಇದ್ದ ಒಂದೇ ತಿರುಗುವ ಕುರ್ಚಿಯಲ್ಲಿ ಕೂಡಿಸಿದರು. ಫೈಲು ತೆಗೆದರು. ಫೈಲಿನಲ್ಲಿ ಅವಳ ಸಾಲು ಇತ್ತು. ಹಂಗಾಮಿನ ಪಟ್ಟಿಗಳನ್ನೆಲ್ಲ ನೆಲದ ಮೇಲೆ ಹರಡಿ ಹುಡುಕಿದರು. ಯಾವುದರಲ್ಲೂ ಅವಳ ಹೆಸರಿರಲಿಲ್ಲ.

"ನೀವ ತಪ್ಪ ಹೊಡದೀರಿ ಬಾಯಿ" ಎಂದು ನನ್ನ ಮೇಲೆ ಹಾರಿದರು. ನಾನು ಅತ್ತೆ. ಅಕ್ಷರಕ್ಕೆ ಅಕ್ಷರ ತಾಳೆ ನೋಡಿದರು, ನಾನು ತಪ್ಪು ಹೊಡೆದಿರಲಿಲ್ಲ. ಆಮೇಲೆ ಅವರು ಊಟಕ್ಕೂ ಏಳಲಿಲ್ಲ. ಕಾಗದದ ಮೇಲೆ ಪ್ರೋಗ್ರಾಮು ಬರೆದುಕೊಂಡು, ಒಂದೊಂದು ಸಾಲಿನ ಕೆಳಗೂ ಬೆರಳು ಇಟ್ಟು ಓದಿದರು. ಸಿಟ್ಟು ಬಂದಾಗ ಅವರ ಬಾಯಲ್ಲಿ ಮರಾಠಿ ಬರುತ್ತಿತ್ತು. ಅಂದು ಮರಾಠಿಯೂ ಬರಲಿಲ್ಲ.

ಮರುದಿನ ಅವರಿಗೆ ಹೊಳೆಯಿತು. ಪ್ರೋಗ್ರಾಮು ಎಷ್ಟು ಸಾಲು ಓದಿತೆಂದು ಎಣಿಸಿ ನೋಡಿದರು. ಫೈಲಿನಲ್ಲಿ ಇದ್ದ ಸಾಲುಗಳಿಗಿಂತ ಓದಿದ ಸಾಲುಗಳೇ ಹೆಚ್ಚಾಗಿದ್ದವು. "ಇಲ್ಲದ್ದನ್ನ ಎಲ್ಲಿಂದ ಓದಿತು?" ಎಂದು ತಮ್ಮಷ್ಟಕ್ಕೆ ಅಂದುಕೊಂಡು, ಓದಿದ್ದನ್ನು ಓದಿದಂತೆಯೇ ಪ್ರಿಂಟರಿಗೆ ಕಳಿಸಿದರು. ಗೌರವ್ವನ ಸಾಲು ಬಂತು. ಅದು ಒಂದು ಸಾಲಾಗಿ ಬರಲಿಲ್ಲ. ನಂಬರು, ಸಿದ್ದಪ್ಪ, ಬಸವರಾಜ, ಕಸ್ತೂರಿ, ತಂದೆ ಮಯತ ರಾಯಪ್ಪ, ಅಜ್ಞಾನ, ಪಾಲನಕರ್ತಿ ತಾಯಿ ಎಂಬಲ್ಲಿಗೆ ಒಂದು ತುಂಡು ಮುಗಿದಿತ್ತು. ಗೌರವ್ವ, ಊರು, ಸರ್ವೆ ನಂಬರು, ತಾರೀಖು, ಇವೆಲ್ಲ ಕೆಳಗಿನ ತುಂಡಿನಲ್ಲಿದ್ದವು.

ಎಂಬತ್ತು ಅಕ್ಷರದ ಜಾಗದಲ್ಲಿ ಕೊನೆಯ ಮನೆ ಮುಕ್ತಾಯದ ಗುರುತಿಗೆ ಹೋಗುತ್ತದೆ. ಉಳಿದದ್ದು ಎಪ್ಪತ್ತೊಂಬತ್ತು. ಸಾಲು ಅದಕ್ಕಿಂತ ಉದ್ದವಿದ್ದರೆ ಯಂತ್ರ ತಕರಾರು ಮಾಡುವುದಿಲ್ಲ, ಹಿಡಿದಷ್ಟು ಹಿಡಿದು ಮಿಕ್ಕಿದ್ದನ್ನು ಮುಂದಿನ ಸಲಕ್ಕೆ ಬೇರೆ ಸಾಲೆಂದು ಕೊಡುತ್ತದೆ. ಮೊದಲ ತುಂಡಿಗೆ ತಾರೀಖಿಲ್ಲ, ಎರಡನೆಯದಕ್ಕೆ ನಂಬರಿಲ್ಲ. ಹಾಗಿದ್ದದ್ದನ್ನು ಬಿಟ್ಟು ಮುಂದೆ ನಡೆ ಎಂದು ಕಲಿಸಿದವರು ಮಾಸ್ತರರೇ. ಅದು ಎತ್ತಿನಂತೆ ನಡೆದಿತ್ತು, ಅವಳನ್ನೂ ಅವಳ ಮಕ್ಕಳನ್ನೂ ದಾಟಿಕೊಂಡು.

ಹೀಗೆ ಬಿಟ್ಟುಹೋದವರೆಲ್ಲರ ಸಾಲುಗಳನ್ನು ಅವರು ತೆಗೆಸಿದರು. ನಲವತ್ತಕ್ಕೆ ಒಂದು ಕಡಿಮೆ. ಒಂದೇ ಹಾಳೆಯಲ್ಲಿ ಹಿಡಿದವು. ನಿಂತುಕೊಂಡೇ ಓದಿದರು. ನಡುವೆ ಕುಳಿತುಬಿಟ್ಟರು.

"ಬಾಯಿ, ಇವರೆಲ್ಲಾ ತಂದಿ ಇಲ್ಲದ ಮಕ್ಕಳ್ರಿ" ಎಂದರು. "ತಂದಿ ಇದ್ದವರ ಹೆಸರು ಉದ್ದ ಇರಾಂಗಿಲ್ಲ. ಒಬ್ಬನ ಹೆಸರು, ಅವರಪ್ಪನ ಹೆಸರು, ಅಡ್ಡಹೆಸರು, ಮುಗೀತು. ನಾ ಆರಿಸಿ ಆರಿಸಿ ಇವರನ್ನ ಬಿಟ್ಟೀನಿ."

ಪ್ರೋಗ್ರಾಮನ್ನು ಸರಿ ಮಾಡಲು ಐದು ನಿಮಿಷ ಹಿಡಿಯಿತು. ಜಾಗ ದೊಡ್ಡದು ಮಾಡಿದರು, ಸಾಲಿನ ಕೊನೆಯ ಗುರುತು ಬಂತೋ ಇಲ್ಲವೋ ಎಂದು ನೋಡಿಕೊಳ್ಳುವ ಒಂದು ಮಾತು ಸೇರಿಸಿದರು.

ಹೊಸ ಪಟ್ಟಿ ಹಿಡಿದು ಶೇತಕಿ, ಅಂದರೆ ಕೃಷಿ ವಿಭಾಗದ, ಆಫೀಸಿಗೆ ಹೋದರು. ಚೀಟಿಗೆ ಸಹಿ ಮಾಡುವವರು ಅಲ್ಲಿಯ ಸಾಹೇಬರು. ನಾನು ಬಾಗಿಲಲ್ಲಿ ನಿಂತಿದ್ದೆ.

"ತಪ್ಪು ನಂದು, ಬರದು ಕೊಡತೀನ್ರಿ ಸಾಹೇಬ್ರ. ಮೂರು ದಿನಾ ಉಳದಾವು. ಇವರಲ್ಲಿ ಬಾಳ ಮಂದಿ ಬೆಲ್ಲದ ಗಾಣಕ್ಕ ಹಾಕಿ ಕೈ ತೊಳಕೊಂಡಾರ. ಹತ್ತೆಂಟು ಮಂದೀದು ಇನ್ನಾ ನಿಂತೈತಿ. ಅವರಿಗರೆ ಚೀಟಿ ಕೊಡ್ರಿ."

ಸಾಹೇಬರು ಪಟ್ಟಿಯನ್ನು ಮುಟ್ಟಲಿಲ್ಲ. "ಮಾಸ್ತರ, ಪಟ್ಟಿ ತಪ್ಪೈತಿ ಅಂತ ನಾ ಸಹಿ ಮಾಡಿದ್ರ ನಾಳಿ ಸಭಾದಾಗ ಎಲ್ಲಾರೂ ಎದ್ದು ನಮ್ಮದೂ ತಪ್ಪೈತಿ ಅಂತಾರ. ಉತ್ತರಾ ಯಾರ್ ಕೊಡೂದು? ಅಷ್ಟಕ್ಕೂ ಕೈಚೀಟಿ ಬ್ಯಾಡ ಅಂತ ಠರಾವ್ ಮಾಡಿಸಿದವರು ಯಾರು? ನೀವ ಅಲ್ಲೇನು?"

"ನಾನ ರಿ."

"ಮತ್ತ? ಮುಂದಿನ ವರ್ಷ ನೋಡೂಣಂತ, ಹೋಗ್ರಿ."

ಮಾಸ್ತರರು ಕೈಮುಗಿದರು. ಬಗ್ಗಿದರು. ಯಾರಿಗೂ ತಲೆ ಬಾಗದ ಮನುಷ್ಯ ಮೇಜಿನ ಅಂಚು ಹಿಡಿದು ಬಗ್ಗಿದ್ದನ್ನು ನಾನು ನೋಡಬಾರದಿತ್ತು. ಅಧ್ಯಕ್ಷರ ಮನೆಗೆ ಹೋದರು, ಅವರು ಊರಲ್ಲಿರಲಿಲ್ಲ. ಉಪಾಧ್ಯಕ್ಷರು ಬಾಗಿಲಲ್ಲೇ ಮಾತಾಡಿ ಕಳಿಸಿದರು. ಹೀಗೆ ಒಂದು ದಿನ ಹೋಯಿತು.

ಮರುದಿನ ಮಧ್ಯಾಹ್ನ, "ಬಾಯಿ, ಗೌರವ್ವನ ಹೊಲಾ ನಿಮ್ಮ ಹಾದ್ಯಾಗ ಐತೆಲ್ಲ, ತೋರಸ್ರಿ" ಎಂದರು. ಇಬ್ಬರೂ ನಡೆದೆವು. ದಾರಿಯಲ್ಲಿ ಗೂಡಂಗಡಿಯಲ್ಲಿ ಒಂದು ಕಡ್ಡಿಪೆಟ್ಟಿಗೆ ಕೊಂಡು ಕಿಸೆಗೆ ಹಾಕಿದರು. ಅವರು ಬೀಡಿ ಸೇದುವವರಲ್ಲ. ಸುಟ್ಟ ಕಬ್ಬಿಗೆ ಕೈಚೀಟಿ ಇದ್ದದ್ದು ನೆನಪಾಗಿ ನನಗೆ ಅರ್ಥವಾಯಿತು.

ಸುತ್ತಲಿನ ಹೊಲಗಳೆಲ್ಲ ಕಡಿದು ಬೋಳಾಗಿದ್ದವು. ನಡುವೆ ಅವಳ ಒಂದೂವರೆ ಎಕರೆ ಕಬ್ಬು, ತುರಾಯಿ ಬಿಟ್ಟು, ರವದಿ, ಅಂದರೆ ಸೋಗೆ, ಒಣಗಿ ಬೆಳ್ಳಗಾಗಿ ನಿಂತಿತ್ತು. ಗೌರವ್ವ ಬದುವಿನ ಮೇಲೆ ಆಡಿಗೆ ಸೊಪ್ಪು ಕೊಯ್ಯುತ್ತಿದ್ದಳು. ಮಾಸ್ತರರು ನಡೆದದ್ದನ್ನೆಲ್ಲ ಹೇಳಿದರು. ಒಂದನ್ನೂ ಮುಚ್ಚಿಡಲಿಲ್ಲ. ಅವಳು ಕುಡುಗೋಲು ಕೆಳಗಿಟ್ಟು ಕೇಳಿದಳು.

"ಅಂದ್ರ ನನ್ನ ಮಕ್ಕಳ ಹೆಸರ ಬರೂತನಾ ಓದಿ, ನನ್ನ ಹೆಸರ ಬರೂದ್ರಾಗ ಸಾಕಂತ ಬಿಟ್ಟಿತೇನ್ರಿ?"

"ಹೌದವ್ವಾ."

"ಬರೇ ಗೌರವ್ವ ಅಂತ ಇದ್ದಿದ್ರ ಪಾಳಿ ಬರತಿತ್ತು?"

"ಬರತಿತ್ತು."

"ಮಕ್ಕಳ ಹೆಸರ ಹಾಕಸಂದವರು ನೀವ ಅಲ್ಲೇನ್ರಿ ಮಾಸ್ತರ?"

ಅವರು ಹೌದೆಂದು ತಲೆಯಾಡಿಸಿದರು. ಗೌರವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮಂದಿ ಎರಡ ತಿಂಗಳಿಂದ ಹೇಳಾಕತ್ತಾರ, ಕಡ್ಡಿ ಗೀರವ್ವಾ, ನಾಳೀನ ಟೋಳಿ ಬರತೈತಿ ಅಂತ" ಎಂದಳು. "ನಾ ಒಲ್ಲೆ ಅಂದ್ನಿ. ನಮ್ಮ ಮನಿಯವರು ಕೈಯಾರೆ ಹಚ್ಚಿದ ಕಬ್ಬ ಕಡದ ಮ್ಯಾಲ ಮತ್ತ ಚಿಗತ ಕುಳಿ ಇದು. ನನ್ನ ಪಾಳಿ ನನಗೈತಿ, ಸುಟ್ಟು ಕಳ್ಳರಂಗ ಯಾಕ ಕಳಸ್ಲಿ ಅಂದ್ನಿ."

"ನಿಮ್ಮ ಪಾಳಿ ನಾ ಕಳದೀನವ್ವಾ. ಬೆಂಕಿನೂ ನಾನ ಹಚ್ಚತೀನಿ" ಎಂದು ಮಾಸ್ತರರು ಕಿಸೆಯಿಂದ ಪೆಟ್ಟಿಗೆ ತೆಗೆದರು. ಗೀರಿದ ಎರಡು ಕಡ್ಡಿ ಮುರಿದವು. ಗೌರವ್ವ ಹತ್ತಿರ ಬಂದು ಅವರ ಕೈಯಿಂದ ಪೆಟ್ಟಿಗೆ ತೆಗೆದುಕೊಂಡಳು.

"ನೀವ ಹಚ್ಚಿದ್ರ ನಿಮ್ಮ ಮ್ಯಾಲ ಕೇಸ್ ಆಕ್ಕೈತಿ. ಸರೀರಿ."

ಗಾಳಿ ನೋಡಿ, ಬದುವಿನ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಡ್ಡಿ ಗೀರಿದಳು. ಒಣಗಿದ ರವದಿ ಭರ್ರೆಂದು ಹತ್ತಿತು. ಕಬ್ಬಿನ ಗೆಣ್ಣುಗಳು ಪಟಪಟ ಸಿಡಿದವು, ಇಲಿಗಳು ನಮ್ಮ ಕಾಲಸಂದಿಯಲ್ಲಿ ಓಡಿದವು. ಅವಳು ಮುಖಕ್ಕೆ ಸೆರಗು ಮುಚ್ಚಿಕೊಂಡು ಆ ಕಡೆ ತಿರುಗಿದಳು. ಮಾಸ್ತರರು ತಿರುಗಲಿಲ್ಲ. ನಾನು ತೋಳು ಹಿಡಿದು ಎಳೆದರೂ ಹಿಂದೆ ಸರಿಯಲಿಲ್ಲ, ಹುಬ್ಬಿನ ಕೂದಲು ಸುಟ್ಟು ವಾಸನೆ ಬಂತು.

ಮರುದಿನ ಮುಂಜಾನೆ ಅವಳಿಗೆ ಕೈಚೀಟಿ ಸಿಕ್ಕಿತು. ಟೋಳಿ ಬಂದು ಕರಿಹಿಡಿದ ಕಬ್ಬು ಕಡಿದುಕೊಂಡು ಹೋಯಿತು. ಉಳಿದ ಕೆಲವರೂ ಹಾಗೆಯೇ ಮಾಡಿದರು, ಇಬ್ಬರದು ಹೊಲದಲ್ಲೇ ಒಣಗಿತು. ಅದೇ ವಾರ ಮಾಸ್ತರರು ನೌಕರಿ ಬಿಟ್ಟರು. ತಪ್ಪು ಹೇಗಾಯಿತೆಂದು ಎರಡು ಪುಟ ಬರೆದುಕೊಟ್ಟಿದ್ದರು. ಸಾಹೇಬರು ಅದನ್ನು ಓದದೆ ಮಡಚಿ ಖಾನೆಗೆ ಹಾಕಿದರು. ಯಂತ್ರದಲ್ಲಿ ಹಳೆಯ ಪ್ರೋಗ್ರಾಮನ್ನೇ ಉಳಿಸಿದರು. ಹೋಗುವಾಗ ಮಾಸ್ತರರು ಸರಿ ಮಾಡಿದ ಪ್ರೋಗ್ರಾಮಿನ ಫ್ಲಾಪಿಯನ್ನು ನನ್ನ ಕೈಗಿಟ್ಟು, "ಬಾಯಿ, ಮುಂದಿನ ಹಂಗಾಮಿಗೆ ಇದನ್ನ ಹಚ್ಚಸ್ರಿ. ಇದೊಂದ ಕೆಲಸಾ ಮಾಡ್ರಿ" ಎಂದರು. ನಾನು ಆಗಲಿ ಎಂದೆ.

ಮುಂದಿನ ಹಂಗಾಮಿಗೆ ಬಂದ ಹೊಸಬರಿಗೆ ಸಾಹೇಬರ ಅಪ್ಪಣೆಯಾಯಿತು: ಪ್ರೋಗ್ರಾಮಿಗೆ ಕೈ ಹಚ್ಚುವುದು ಬೇಡ, ಹಚ್ಚಿದರೆ ಹೋದ ವರ್ಷ ತಪ್ಪಾಗಿತ್ತೆಂದು ಒಪ್ಪಿದ ಹಾಗಾಗುತ್ತದೆ. ಆಮೇಲೆ ನನ್ನ ಕಡೆ ತಿರುಗಿ, "ಹೆಸರ ಸಣ್ಣ ಮಾಡಿ ಹೊಡೀಬೇ, ಎಂಬತ್ತರಾಗ ಕುಂದರೂಹಂಗ" ಎಂದರು. ನನ್ನನ್ನು ಕಾಯಂ ಮಾಡುವ ಕಾಗದ ಆಗ ಅವರ ಮೇಜಿನ ಮೇಲಿತ್ತು. ಫ್ಲಾಪಿ ನನ್ನ ಖಾನೆಯಲ್ಲಿತ್ತು. ನಾನು ಅದನ್ನು ಹೊರಗೆ ತೆಗೆಯಲಿಲ್ಲ. ಮೂವತ್ತೊಂಬತ್ತು ಸಾಲುಗಳನ್ನು ಒಂದೊಂದಾಗಿ ತೆರೆದು, ಮಕ್ಕಳ ಹೆಸರುಗಳನ್ನು ಅಳಿಸಿದೆ. ಎರಡು ಗಂಟೆಯ ಕೆಲಸ. ಪಾಳಿ ಎಲ್ಲರಿಗೂ ಸರಿಯಾಗಿ ಬಂತು, ನನ್ನ ಕಾಗದಕ್ಕೂ ಸಹಿ ಬಿತ್ತು.

ಮಾಸ್ತರರನ್ನು ಆಮೇಲೆ ನಾನು ಒಂದೇ ಸಲ ನೋಡಿದ್ದು, ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನಲ್ಲಿ. ಹುಡುಗರಿಗೆ ಗಣಿತದ ಟ್ಯೂಷನ್ ಹೇಳಿಕೊಂಡಿದ್ದರಂತೆ. ಕಂಪ್ಯೂಟರ್ ಮುಟ್ಟಿಲ್ಲ ಎಂದರು. ಬಹಳ ಇಳಿದುಹೋಗಿದ್ದರು, ಅಂಗಿಯ ಕಾಲರು ಕುತ್ತಿಗೆಗೆ ದೊಡ್ಡದಾಗಿತ್ತು. ನನ್ನ ಮನೆ, ಮಕ್ಕಳು ಏನನ್ನೂ ಕೇಳಲಿಲ್ಲ. "ಆ ಫ್ಲಾಪಿ ಹಚ್ಚಿದ್ರೇನ್ರಿ ಬಾಯಿ?" ಎಂದರು.

"ಹಚ್ಚೇವ್ರಿ ಮಾಸ್ತರ."

"ಗೌರವ್ವನ ಸಾಲು?"

"ಪೂರ್ತಿ ಬರತೈತ್ರಿ. ಮೂರೂ ಮಕ್ಕಳ ಹೆಸರು ಬರತಾವು."

ಅವರು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರು. "ಸಾಕ್ರಿ. ಇನ್ನ ಸಾಕು" ಎಂದರು. ನನ್ನ ಬಸ್ಸು ಬಂತು. ಅವರು ಗದ್ದಲದಲ್ಲಿ ನುಗ್ಗಿ, ಕಿಟಕಿಯೊಳಗೆ ಟವೆಲ್ಲು ಒಗೆದು ನನಗೆ ಜಾಗ ಹಿಡಿದುಕೊಟ್ಟರು. ಬಸ್ಸು ಹೊರಡುವಾಗ ನಗುತ್ತಿದ್ದರು. ಅದರ ಹಿಂದಿನ ದಿನವಷ್ಟೇ ನಾನು ಆ ವರ್ಷದ ಹೊಸ ಫೈಲು ಹೊಡೆದು ಮುಗಿಸಿದ್ದೆ, ಅದರಲ್ಲಿ ಅವಳ ಸಾಲಿನಲ್ಲಿ ನಂಬರು, ಗೌರವ್ವ, ಊರು, ಸರ್ವೆ ನಂಬರು, ತಾರೀಖು ಇಷ್ಟೇ ಇದ್ದವು.